ಅಪ್ಪನಿಗೆ 625 ಆಂಟಿಬಯೋಟಿಕ್ ಮಾತ್ರೆ ಕೊಟ್ಟಿದ್ದಾರೆ, ಎರಡನೇ ದಿನಕ್ಕೇ ಭೇದಿ. ನಿಲ್ಲಿಸಬೇಕಾ?

ಆಲ್ದೂರು ಮಗಳು | ಸೋಮವಾರ, ರಾತ್ರಿ 8.40

ಅಪ್ಪನಿಗೆ 71 ವರ್ಷ. ಕೆಳದವಡೆಯ ಹಲ್ಲು ಹುಳುಕಾಗಿ ಕೀವು ಕಟ್ಟಿ, ಬಾಯಲ್ಲಿ ಇಡೀ ಅಡಿಕೆ ಇಟ್ಟುಕೊಂಡವರ ಹಾಗೆ ಕೆನ್ನೆ ಊದಿತ್ತು. ಮಳೆ ಸ್ವಲ್ಪ ಬಿಡಲಿ ಅಂತ ಒಂದು ವಾರ ತಳ್ಳಿದರು. ಕೊನೆಗೆ ಶನಿವಾರ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಕೀಳಿಸಿದೆ. ಚೀಟಿಯಲ್ಲಿ ಅಮಾಕ್ಸಿಸಿಲಿನ್ ಕ್ಲಾವುಲನೇಟ್ 625, ಬೆಳಿಗ್ಗೆ ಒಂದು ರಾತ್ರಿ ಒಂದು, ಐದು ದಿನ. ಜೊತೆಗೆ ಮೆಟ್ರೊನಿಡಜೋಲ್ 400 ದಿನಕ್ಕೆ ಮೂರು, ಮತ್ತೆ ಒಂದು ನೋವಿನ ಮಾತ್ರೆ.

ನಿನ್ನೆ ಸಂಜೆಯಿಂದ ಭೇದಿ ಶುರುವಾಗಿದೆ. ಇವತ್ತು ನಾಲ್ಕು ಸಲ ಹೋದರು. ನೀರಿನ ಹಾಗಿಲ್ಲ, ಸಡಿಲ ಅಷ್ಟೆ. ಬಾಯಿ ರುಚಿ ಕೆಟ್ಟಿದೆ ಅಂತ ಊಟಾನೂ ಸರಿಯಾಗಿ ಮಾಡ್ತಿಲ್ಲ. "ಈ ಮಾತ್ರೆ ನನ್ನ ಮೈಗೆ ಹಿಡಿಸಲ್ಲ, ನಾಳೆಯಿಂದ ಬೇಡ" ಅಂತ ಹಠ. ಪಕ್ಕದ ಮನೆಯವರು ಬಂದು, ಆಂಟಿಬಯೋಟಿಕ್ ನುಂಗುವಾಗ ಹಾಲು ಮೊಸರು ಮುಟ್ಟಬಾರದು ಅಂತ ಬೇರೆ ಹೇಳಿ ಹೋದರು. ಹಲ್ಲಿನ ಕ್ಲಿನಿಕ್ ಫೋನ್ ಎತ್ತುತ್ತಿಲ್ಲ, ಮುಚ್ಚಿರಬೇಕು. ನಿಲ್ಲಿಸಲಾ? ಮಜ್ಜಿಗೆ ಕೊಡಲಾ?

ರೈಟರ್ ಮೂಡಿಗೆರೆ | ರಾತ್ರಿ 8.52

ಮಜ್ಜಿಗೆ ಅನ್ನ ಕೊಡಿ ಮೇಡಂ, ಏನೂ ಆಗಲ್ಲ. ಊತ ಇಳಿದಿದ್ರೆ ಮಾತ್ರೆ ನಿಲ್ಸಿ, ಉಳಿದಿದ್ದು ಎತ್ತಿಟ್ಕೊಳ್ಳಿ, ಮುಂದೆ ಯಾರಿಗಾದ್ರೂ ಜ್ವರ ಬಂದ್ರೆ ಆಗುತ್ತೆ. ನಮ್ಮ ಎಸ್ಟೇಟ್ ಆಫೀಸ್ ಡ್ರಾಯರಲ್ಲಿ ಯಾವಾಗ್ಲೂ ಒಂದು ಸ್ಟ್ರಿಪ್ 625 ಇರುತ್ತೆ.

ಗುಳಿಗೆ ಗೂಡು | ರಾತ್ರಿ 9.05

ರೈಟರ್ ಸಾಹೇಬ್ರೆ, ನಿಮ್ಮ ಡ್ರಾಯರ್ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಆ ಹೆಣ್ಣುಮಗಳ ಪ್ರಶ್ನೆ. ಹಾಸನದಲ್ಲಿ 22 ವರ್ಷದಿಂದ ಔಷಧಿ ಅಂಗಡಿ ನಡೆಸ್ತಿದ್ದೀನಿ. ದಿನಕ್ಕೆ ಒಬ್ಬರಾದ್ರೂ ಇದನ್ನ ಕೇಳ್ತಾರೆ.

ಈ ಮಾತ್ರೆಗೆ ಭೇದಿ ಅಪರೂಪ ಅಲ್ಲ ಅಮ್ಮ. ಬರೀ ಅಮಾಕ್ಸಿಸಿಲಿನ್‌ಗಿಂತ ಇದರಲ್ಲಿ ಜಾಸ್ತಿ, ಕಾರಣ ಕ್ಲಾವುಲನೇಟ್. ಖಾಲಿ ಹೊಟ್ಟೆಗೆ ನುಂಗಿಸ್ತಿದ್ದೀರಾ? ಇದನ್ನ ಊಟದ ಶುರುವಿಗೆ, ಮೊದಲ ಒಂದೆರಡು ತುತ್ತಿನ ಜೊತೆ ನುಂಗಿದ್ರೆ ಹೊಟ್ಟೆ ತಕರಾರು ಕಡಿಮೆ. ಕ್ಲಾವುಲನೇಟ್ ಮೈಗೆ ಹತ್ತೋದೂ ಆಗಲೇ ಚೆನ್ನಾಗಿ. ಹಾಲು ಮೊಸರಿನ ಮಾತು ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ತರದ ಮಾತ್ರೆಗಳದ್ದು, ಇದಕ್ಕಲ್ಲ. ಮಜ್ಜಿಗೆ ಧಾರಾಳವಾಗಿ ಕೊಡಿ. ಆದ್ರೆ ಭೇದಿ ನೀರಿನ ಹಾಗೆ ಸುರಿಯೋಕೆ ಶುರುವಾದ್ರೆ, ರಕ್ತ ಅಥವಾ ಲೋಳೆ ಕಂಡ್ರೆ, ಜ್ವರ, ಹೊಟ್ಟೆ ಕಿವುಚೋ ನೋವು ಬಂದ್ರೆ ಕಾಯಬೇಡಿ, ಡಾಕ್ಟರ್ ಹತ್ರ ಹೋಗಿ. ಭೇದಿ ಕಟ್ಟೋ ಮಾತ್ರೆ ಅಂಗಡಿಯಿಂದ ನೀವಾಗೇ ತಂದು ಕೊಡಬೇಡಿ. ಕೆಲವು ಸಲ ಆಂಟಿಬಯೋಟಿಕ್ ಆದ ಮೇಲೆ ಕರುಳಲ್ಲಿ ಬೇರೆ ಕೆಟ್ಟ ರೋಗಾಣು ತಲೆ ಎತ್ತಿರುತ್ತೆ, ಅದು ಹೊರಗೆ ಹೋಗೋದೇ ಒಳ್ಳೇದು.

ಈಗ ನನ್ನ ಪ್ರಶ್ನೆ. ಅಪ್ಪ ದಿನಾ ಬೇರೆ ಏನೇನು ಮಾತ್ರೆ ನುಂಗ್ತಾರೆ? ಬಿಪಿ, ಶುಗರ್, ಹಾರ್ಟು, ಗೌಟು, ಏನಿದ್ರೂ ಒಂದೂ ಬಿಡದೆ ಹೇಳಿ. ಆ ನೋವಿನ ಮಾತ್ರೆ ಯಾವುದು ಅಂತಲೂ ಹೇಳಿ.

ಕೊಪ್ಪದ ಕಡೆಯವ | ರಾತ್ರಿ 9.11

ಎಂತದು ಮಾರಾಯ್ರೆ, ಭೇದಿ ಅಂತ ಕೇಳಿದ್ದಕ್ಕೆ ಜಾತಕವೇ ಕೇಳ್ತೀರಲ್ಲ.

ಆಲ್ದೂರು ಮಗಳು | ರಾತ್ರಿ 9.20

ಖಾಲಿ ಹೊಟ್ಟೆಗೇ ಕೊಡ್ತಿದ್ದೆ. ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ತಿಂಡಿ. ಗೊತ್ತಿರಲಿಲ್ಲ.

ಬೇರೆ ಮಾತ್ರೆ: ಬಿಪಿಗೆ ಟೆಲ್ಮಿಸಾರ್ಟಾನ್ 40. ಹಾರ್ಟ್ ವಾಲ್ವ್ ಬದಲಿಸಿ ಹನ್ನೊಂದು ವರ್ಷ ಆಯ್ತು, ಅದಕ್ಕೆ ಅಸಿಟ್ರಾಮ್ 2 ಎಂಜಿ ರಾತ್ರಿ. ನೋವಿನದು ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ್ದು, ದಿನಕ್ಕೆ ಎರಡು.

ಗುಳಿಗೆ ಗೂಡು | ರಾತ್ರಿ 9.23

ಅಸಿಟ್ರಾಮ್ ನುಂಗ್ತಿದ್ದಾರೆ ಅಂತ ಹಲ್ಲಿನ ಡಾಕ್ಟರಿಗೆ ಹೇಳಿದ್ರಾ?

ಹಲ್ಲು ಕಿತ್ತ ಜಾಗದಿಂದ ಈಗಲೂ ರಕ್ತ ಬರ್ತಿದೆಯಾ ನೋಡಿ. ಮೈಮೇಲೆ ನೀಲಿ ಕಲೆ, ಮೂಗಲ್ಲಿ ರಕ್ತ, ಕಪ್ಪು ಮಲ, ಕೆಂಪು ಮೂತ್ರ, ಇವನ್ನೂ ನೋಡಿ. ತಕ್ಷಣ ಬರೀರಿ.

ಆಲ್ದೂರು ಮಗಳು | ರಾತ್ರಿ 9.34

ಈಗ ಟಾರ್ಚ್ ಹಾಕಿ ನೋಡಿದೆ. ಸ್ವಲ್ಪ ಜಿನುಗುತ್ತಿದೆ. ಬೆಳಿಗ್ಗೆ ದಿಂಬಿನ ಮೇಲೂ ಕಲೆ ಇತ್ತಂತೆ, ನನಗೆ ಹೇಳಿರಲಿಲ್ಲ. ಮೊಣಕೈ ಹತ್ತಿರ ನೀಲಿ ಕಲೆ ಒಂದಿದೆ, ಗೇಟಿಗೆ ತಗುಲಿದ್ದು ಅಂತಾರೆ. ಮಲ ಕಪ್ಪಗಿಲ್ಲ.

ಡಾಕ್ಟರ್ ಕೇಳಿದ್ದರು. ನನ್ನ ಎದುರಿಗೇ ಕೇಳಿದರು, "ಬೇರೆ ಏನಾದರೂ ಮಾತ್ರೆ ತಗೋತೀರಾ" ಅಂತ. ಅಪ್ಪ "ಏನಿಲ್ಲ, ಬಿಪಿಗೊಂದು" ಅಂದರು. ನಾನು ಕಾರ್ ಪಾರ್ಕಿಂಗ್ ವಿಷಯಕ್ಕೆ ಫೋನಲ್ಲಿದ್ದೆ. ವಾಲ್ವ್ ಮಾತ್ರೆ ಅಪ್ಪನಿಗೆ ಮಾತ್ರೆ ಅಂತಲೇ ಅನ್ನಿಸುವುದಿಲ್ಲ, ಹನ್ನೊಂದು ವರ್ಷದ ಅಭ್ಯಾಸ.

ಹಳೇ ಸ್ಟೆತ್ | ರಾತ್ರಿ 9.41

ಚಿಕ್ಕಮಗಳೂರಲ್ಲಿ ಮೂವತ್ತು ವರ್ಷ ಫಿಸಿಷಿಯನ್ ಆಗಿದ್ದೆ, ಈಗ ನಿವೃತ್ತ. ಗುಳಿಗೆಯವರು ಕೇಳಿದ್ದು ಜಾತಕವಲ್ಲ, ಕೇಳಲೇಬೇಕಾದ ಪ್ರಶ್ನೆ.

ಅಮ್ಮಾ, ಗಾಬರಿ ಬೇಡ, ಆದರೆ ಇವತ್ತಿನ ರಾತ್ರಿಯೇ ಮಾಡಬೇಕಾದ ಕೆಲಸ ಇದೆ. ವಾಲ್ವ್ ಆಪರೇಷನ್ ಆದವರ ಮನೆಯಲ್ಲಿ ಹೃದಯದ ಡಾಕ್ಟರ ನಂಬರ್ ಇದ್ದೇ ಇರುತ್ತದೆ. ಈಗಲೇ ಫೋನ್ ಮಾಡಿ ಐದೂ ಮಾತ್ರೆಗಳ ಹೆಸರನ್ನು ಓದಿ ಹೇಳಿ. ಅವರು ಸಿಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ರಾತ್ರಿಯ ಅಸಿಟ್ರಾಮ್ ಕೊಡಬೇಕೋ ಬೇಡವೋ ಅವರೇ ಹೇಳಬೇಕು. ನೀವಾಗಿ ಕೊಡುವುದೂ ಬೇಡ, ನೀವಾಗಿ ಬಿಡಿಸುವುದೂ ಬೇಡ. ಲೋಹದ ವಾಲ್ವ್ ಇದ್ದವರು ಅದನ್ನು ಬಿಟ್ಟರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಹೆಚ್ಚಾದರೆ ರಕ್ತಸ್ರಾವ. ಎರಡೂ ಕಡೆ ಕಂದಕ.

ಆಗಿರುವುದು ಇಷ್ಟು. ಅಸಿಟ್ರಾಮ್, ವಾರ್ಫರಿನ್ ಒಂದೇ ಜಾತಿ, ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತವೆ. ಲಿವರಿನಲ್ಲಿ ಅವು ಕರಗುವ ದಾರಿಗೆ ಮೆಟ್ರೊನಿಡಜೋಲ್ ಅಡ್ಡ ನಿಲ್ಲುತ್ತದೆ, ಹಾಗಾಗಿ ಅದೇ 2 ಎಂಜಿ ಮೈಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಕೂಡ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರಿಸಬಲ್ಲದು, ಮೆಟ್ರೊನಿಡಜೋಲಿನಷ್ಟಲ್ಲ. ಊಟ ಬಿಟ್ಟಿದ್ದಾರೆ ಎಂದಿರಿ. ಸೊಪ್ಪು ತರಕಾರಿಯಿಂದ ಬರುವ ವಿಟಮಿನ್ ಕೆ ಕಡಿಮೆಯಾದರೂ ಅದು ಏರುತ್ತದೆ. ಇವೆಲ್ಲದರ ಮೇಲೆ ಅಸೆಕ್ಲೋಫೆನಾಕ್, ಅದು ಹೊಟ್ಟೆಯ ಒಳಪದರವನ್ನೇ ಕೆರೆಯುವಂಥದ್ದು. ನಾಲ್ಕೂ ಒಂದೇ ದಿಕ್ಕಿಗೆ ಎಳೆಯುತ್ತಿವೆ. ನೋವಿನ ಮಾತ್ರೆಯ ಮುಂದಿನ ಡೋಸ್ ಡಾಕ್ಟರನ್ನು ಕೇಳುವವರೆಗೆ ಕೊಡಬೇಡಿ.

ಹಲ್ಲಿನ ಜಾಗಕ್ಕೆ ಶುದ್ಧ ಗಾಜ್ ಬಟ್ಟೆ ಮಡಚಿ ಇಟ್ಟು ಇಪ್ಪತ್ತು ಮೂವತ್ತು ನಿಮಿಷ ಗಟ್ಟಿಯಾಗಿ ಕಚ್ಚಿಸಿ. ನಡುನಡುವೆ ತೆಗೆದು ನೋಡಬೇಡಿ. ಬಾಯಿ ಮುಕ್ಕಳಿಸುವುದು ಬೇಡ. ತಲೆನೋವು ಜೋರಾದರೆ, ಮಾತು ತೊದಲಿದರೆ, ರಕ್ತ ನಿಲ್ಲದಿದ್ದರೆ ಬೆಳಗಾಗುವವರೆಗೆ ಕಾಯುವ ಪ್ರಶ್ನೆಯೇ ಇಲ್ಲ.

ಆಲ್ದೂರು ಮಗಳು | ರಾತ್ರಿ 9.44

ಫೋನ್ ಮಾಡ್ತಿದ್ದೀನಿ.

ಬೇಲೂರು ಮಿಸ್ | ರಾತ್ರಿ 10.02

ಓದಿ ಕೈ ತಣ್ಣಗಾಯಿತು. ನಾವೂ ಎಷ್ಟು ಸಲ "ಏನಿಲ್ಲ" ಅಂದಿರ್ತೀವಿ.

ಅವರು ಬರುವವರೆಗೆ ನನ್ನದೊಂದು ತಪ್ಪು ಹೇಳಿಕೊಳ್ಳುತ್ತೇನೆ. ಮಗನಿಗೆ ಐದು ವರ್ಷ. ಹೋದ ವರ್ಷ ಕಿವಿ ಸೋರಿದಾಗ ಇದೇ ಔಷಧಿಯ ಸಿರಪ್ ಕೊಟ್ಟಿದ್ದರು. ಈ ವರ್ಷ ಮತ್ತೆ ಕೊಟ್ಟರು. ಬಾಟಲಿ ಅದೇ ಬಣ್ಣ, ಅದೇ ಹೆಸರು. ಹೋದ ಸಲದ ಅಳತೆಯೇ ಅಂದುಕೊಂಡು ಅಷ್ಟೇ ಎಂಎಲ್ ಹಾಕಿದೆ. ಮೂರನೇ ದಿನ ಯಜಮಾನರು ನೋಡಿದರೆ ಆ ಬಾಟಲಿ 228.5, ಇದು 457! ಮಗುವಿಗೆ ಭೇದಿ ಆಗಿದ್ದು ಬಿಟ್ಟರೆ ಪುಣ್ಯಕ್ಕೆ ಬೇರೇನೂ ಆಗಲಿಲ್ಲ. ಆದರೂ ಆ ರಾತ್ರಿ ನಾನು ನಿದ್ದೆ ಮಾಡಿಲ್ಲ.

ಗುಳಿಗೆ ಗೂಡು | ರಾತ್ರಿ 10.15

ಮಿಸ್, ಇದು ನೀವೊಬ್ಬರೇ ಮಾಡೋ ತಪ್ಪಲ್ಲ. 228.5 ಅಂದ್ರೆ 5 ಎಂಎಲ್‌ನಲ್ಲಿ 200 ಎಂಜಿ ಅಮಾಕ್ಸಿಸಿಲಿನ್, 28.5 ಕ್ಲಾವುಲನೇಟ್. 457 ಅಂದ್ರೆ 400 ಮತ್ತು 57, ಸರಿಯಾಗಿ ದುಪ್ಪಟ್ಟು. ಮಕ್ಕಳಿಗೆ ತೂಕ ನೋಡಿ ಲೆಕ್ಕ ಹಾಕ್ತಾರೆ, ವರ್ಷ ನೋಡಿ ಅಲ್ಲ. ಹಾಗಾಗಿ ಹೋದ ವರ್ಷದ ಚೀಟಿ ಹೋದ ವರ್ಷಕ್ಕೇ. ಅಳತೆಗೆ ಬಾಟಲಿ ಜೊತೆ ಬರೋ ಮುಚ್ಚಳ ಇಲ್ಲಾಂದ್ರೆ ಸೂಜಿ ಇಲ್ಲದ ಸಿರಿಂಜ್. ಅಡುಗೆಮನೆ ಚಮಚ ಒಂದೊಂದು ಮನೇಲಿ ಒಂದೊಂದು ಸೈಜು.

ಪುಡಿಗೆ ನೀರು ಬೆರೆಸೋದನ್ನೂ ಹೇಳಿಬಿಡ್ತೀನಿ. ಬಾಟಲಿ ಜೊತೆ ನೀರು ಕೊಟ್ಟಿದ್ರೆ ಅದೇ. ಇಲ್ಲಾಂದ್ರೆ ಕುದಿಸಿ ಪೂರ್ತಿ ಆರಿಸಿದ ನೀರು. ಬಿಸಿ ನೀರು ಬೇಡ. ಗೆರೆವರೆಗೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಮಟ್ಟ ತಗ್ಗಿರುತ್ತೆ, ಮತ್ತೆ ಗೆರೆ ಮುಟ್ಟಿಸಬೇಕು. ಫ್ರಿಜ್ಜಲ್ಲಿಡಿ, ಫ್ರೀಜರ್‌ನಲ್ಲಲ್ಲ. ಪ್ರತಿ ಸಲ ಕುಲುಕಿ ಕೊಡಿ. ಏಳು ದಿನ ಆದ ಮೇಲೆ ಉಳಿದಿದ್ದನ್ನ ಇಟ್ಕೋಬೇಡಿ.

ಕೊಪ್ಪದ ಕಡೆಯವ | ರಾತ್ರಿ 10.19

ಫ್ರಿಜ್ ಅಂದ್ರಲ್ಲ, ನಮ್ಮಲ್ಲಿ ಕರೆಂಟ್ ಹೋಗಿ ಇವತ್ತಿಗೆ ಎರಡು ದಿನ. ಲೈನಿನ ಮೇಲೆ ಮರ ಬಿದ್ದಿದೆ. ಮೊಬೈಲ್ ಚಾರ್ಜ್ ಮಾಡ್ಲಿಕ್ಕೇ ಜೀಪಲ್ಲಿ ಕೂತಿದ್ದೇನೆ.

ಗುಳಿಗೆ ಗೂಡು | ರಾತ್ರಿ 10.24

ಬಾಗಿಲು ತೆಗೀದೆ ಇದ್ರೆ ಕೆಲವು ಗಂಟೆ ಫ್ರಿಜ್ ತಂಪಾಗೇ ಇರುತ್ತೆ. ಎರಡು ದಿನ ಅಂದ್ರೆ ಆ ಬಾಟಲಿ ನಂಬಬೇಡಿ, ಹೊಸದು ತಗೊಳ್ಳಿ. ಕ್ಲಾವುಲನೇಟ್ ಬಹಳ ಸೂಕ್ಷ್ಮ. ನೀರು, ಶಾಖ, ತೇವ ಯಾವುದೂ ಆಗಲ್ಲ. ಮಾತ್ರೆನ ದಪ್ಪ ಅಲ್ಯೂಮಿನಿಯಂ ಹಾಳೆಲಿ ಒಂದೊಂದಾಗಿ ಬಿಗಿದಿರೋದು ಅದಕ್ಕೇ. ಕೆಲವರು ಎಲ್ಲಾ ಮಾತ್ರೆ ಬಿಡಿಸಿ ವಾರದ ಡಬ್ಬಿಗೆ ತುಂಬ್ತಾರೆ. ಬೇರೆ ಕೆಲವು ಮಾತ್ರೆಗೆ ಪರವಾಗಿಲ್ಲ, ಇದಕ್ಕೆ ಬೇಡ. ಮಲೆನಾಡಿನ ಜುಲೈಲಿ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತೆ, ಈ ಮಾತ್ರೆ ಯಾವ ಲೆಕ್ಕ? ಕಂದು ಬಣ್ಣಕ್ಕೆ ತಿರುಗಿದ ಮಾತ್ರೆ ತಂದು "ಇದು ನಡೆಯುತ್ತಾ" ಅಂತ ಕೇಳಿದವರಿದ್ದಾರೆ.

ರೈಟರ್ ಸಾಹೇಬ್ರೆ, ನಿಮ್ಮ ಡ್ರಾಯರ್ ಸ್ಟ್ರಿಪ್ ಯಾವ ವರ್ಷದ್ದು?

ರೈಟರ್ ಮೂಡಿಗೆರೆ | ರಾತ್ರಿ 10.31

ನೋಡ್ಬೇಕು.

ಆಲ್ದೂರು ಮಗಳು | ರಾತ್ರಿ 11.05

ಹೃದಯದ ಡಾಕ್ಟರ್ ಸಿಕ್ಕರು. ಇವತ್ತಿನ ಅಸಿಟ್ರಾಮ್ ಬೇಡ ಎಂದರು. ಮೆಟ್ರೊನಿಡಜೋಲ್, ನೋವಿನ ಮಾತ್ರೆ ಎರಡೂ ನಿಲ್ಲಿಸಿ, ನೋವಿದ್ದರೆ ಬರೀ ಪ್ಯಾರಾಸಿಟಮಾಲ್, ಅದೂ ಅವರು ಹೇಳಿದ ಲೆಕ್ಕದಲ್ಲಿ. 625 ಮುಂದುವರಿಸಿ, ಊಟದ ಜೊತೆ. ಬೆಳಿಗ್ಗೆ ಮೊದಲ ಕೆಲಸ ಐಎನ್‌ಆರ್ ಪರೀಕ್ಷೆ. ಗಾಜ್ ಕಚ್ಚಿಸಿದ ಮೇಲೆ ಜಿನುಗುವುದು ನಿಂತಿದೆ. ಅಪ್ಪನಿಗೆ ಗಾಜ್ ಬಾಯಲ್ಲಿದ್ದಾಗ ಬೈಯಲು ಆಗಲಿಲ್ಲ, ಅದೊಂದು ಲಾಭ.

ಅರಕಲಗೂಡು ಆಲೂಗಡ್ಡೆ | ಮಂಗಳವಾರ, ಬೆಳಿಗ್ಗೆ 6.15

ಹಾಲು ಹಾಕಿ ಬಂದು ಪೂರ್ತಿ ಓದಿದೆ. ಒಂದು ದಡ್ಡ ಪ್ರಶ್ನೆ. ಅಮಾಕ್ಸಿಸಿಲಿನ್ ಅಂತ ಒಂದಿದ್ದ ಮೇಲೆ ಈ ಕ್ಲಾವುಲನೇಟ್ ಯಾಕೆ ಸೇರಿಸ್ತಾರೆ? ಹೊಟ್ಟೆ ಕೆಡ್ಸೋದೂ ಅದೇ, ಬೇಗ ಹಾಳಾಗೋದೂ ಅದೇ ಅಂತೀರಿ. ಇನ್ನೊಂದು, 375 ಅಂತಲೂ ಮಾತ್ರೆ ಬರುತ್ತಲ್ಲ, 625 ಸಿಗದಿದ್ರೆ ಎರಡು 375 ನುಂಗಬಹುದಾ?

ಹಳೇ ಸ್ಟೆತ್ | ಬೆಳಿಗ್ಗೆ 7.30

ದಡ್ಡ ಪ್ರಶ್ನೆಯಲ್ಲ, ವೈದ್ಯ ವಿದ್ಯಾರ್ಥಿಗಳನ್ನು ಕೇಳಿದರೂ ತಡವರಿಸುತ್ತಾರೆ.

ಪೆನಿಸಿಲಿನ್ ಕುಟುಂಬದ ಔಷಧಿಗಳು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸ ಕೆಡಿಸುತ್ತವೆ. ಗೋಡೆ ಇಲ್ಲದೆ ಅದು ಒಡೆದು ಸಾಯುತ್ತದೆ. ಬ್ಯಾಕ್ಟೀರಿಯಾಗಳೂ ಸುಮ್ಮನೆ ಕೂರಲಿಲ್ಲ. ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವ ತಯಾರಿಸಿ ಔಷಧಿಯನ್ನೇ ಕತ್ತರಿಸಿ ಹಾಕುವುದನ್ನು ಕಲಿತವು. 1970ರ ದಶಕದಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿಯ ವಿಜ್ಞಾನಿಗಳು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಸೂಕ್ಷ್ಮಜೀವಿಯಿಂದ ಕ್ಲಾವುಲಾನಿಕ್ ಆಮ್ಲ ಪಡೆದರು. ಅದಕ್ಕೆ ತಾನಾಗಿ ರೋಗಾಣು ಕೊಲ್ಲುವ ಶಕ್ತಿ ಅಷ್ಟಿಲ್ಲ. ಆದರೆ ಆ ಕತ್ತರಿಯ ಬಾಯಿಗೆ ಕಡ್ಡಿಯ ಹಾಗೆ ಸಿಕ್ಕಿಕೊಂಡು ಕತ್ತರಿಯನ್ನೇ ಕೆಡಿಸುತ್ತದೆ. ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. 1981ರಲ್ಲಿ ಆಗ್ಮೆಂಟಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ, ಜನೌಷಧಿ ಮಳಿಗೆಯಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ.

ಎಲ್ಲ ರೋಗಾಣುವಿನ ಹತ್ತಿರವೂ ಆ ಕತ್ತರಿ ಇರುವುದಿಲ್ಲ. ಇಲ್ಲದ ಕಡೆ ಬರೀ ಅಮಾಕ್ಸಿಸಿಲಿನ್ ಸಾಕು. ಎಲ್ಲದಕ್ಕೂ 625 ಬರೆಯುವ ಚಟ ನಮ್ಮ ವೃತ್ತಿಯಲ್ಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

375ರ ಲೆಕ್ಕ ಗುಳಿಗೆಯವರು ಹೇಳಲಿ.

ಗುಳಿಗೆ ಗೂಡು | ಬೆಳಿಗ್ಗೆ 9.50

ಅಂಗಡಿ ತೆರೆದೆ ಈಗ. ಎರಡು 375 ಸೇರಿದ್ರೆ ಒಂದು 625 ಆಗಲ್ಲ. 625ರಲ್ಲಿ 500 ಮತ್ತು 125. 375ರಲ್ಲಿ 250 ಮತ್ತು 125. ಎರಡು 375 ನುಂಗಿದ್ರೆ ಅಮಾಕ್ಸಿಸಿಲಿನ್ 500 ಸರಿ, ಕ್ಲಾವುಲನೇಟ್ ಮಾತ್ರ 250, ಅಂದ್ರೆ ಹೊಟ್ಟೆ ಕೆಡ್ಸೋದು ಡಬಲ್. 1 ಗ್ರಾಂ ಮಾತ್ರೆಲೂ ಕ್ಲಾವುಲನೇಟ್ 125 ತಾನೆ, ಉಳಿದ 875 ಅಮಾಕ್ಸಿಸಿಲಿನ್. ಕಿಡ್ನಿ ಬಹಳ ಸೋತವರಿಗೆ ಆ 1 ಗ್ರಾಂ ಮಾತ್ರೆ ಕೊಡಲ್ಲ, ಬೇರೆಯದನ್ನೂ ಅಳತೆ ಬದಲಿಸಿ ಕೊಡ್ತಾರೆ. ಹಾಗಾಗಿ ಕಿಡ್ನಿ ತೊಂದರೆ ಇರೋದನ್ನ ಹೇಳಲೇಬೇಕು.

ಇನ್ನೊಂದು ನೋಡಿದ್ದು. ಒಬ್ಬರು ಹಲ್ಲಿಗೆ ಒಂದು ಕಡೆ, ಕಾಲಿನ ಗಾಯಕ್ಕೆ ಇನ್ನೊಂದು ಕಡೆ ತೋರಿಸಿ ಎರಡು ಚೀಟಿ ತಂದ್ರು. ಬ್ರಾಂಡ್ ಹೆಸರು ಬೇರೆ ಬೇರೆ, ಒಳಗಿರೋದು ಎರಡರಲ್ಲೂ ಇದೇ ಔಷಧಿ. ಎರಡೂ ನುಂಗ್ತಿದ್ರು! ದೊಡ್ಡಕ್ಷರದ ಹೆಸರು ಬಿಟ್ಟು ಅದರ ಕೆಳಗಿನ ಸಣ್ಣಕ್ಷರ ಓದಿ.

ಸಕಲೇಶಪುರ ಸಿಗ್ನಲ್ | ಬೆಳಿಗ್ಗೆ 10.05

ನನಗೆ ನಾಯಿ ಕಚ್ಚಿದಾಗ ಇದನ್ನೇ ಕೊಟ್ಟಿದ್ದರು. ಆಮೇಲೆ ಇಂಜೆಕ್ಷನ್ ಬೇಡ ಅನ್ನಿಸಿತ್ತು, ಹೆಂಡತಿ ಬೈದು ಕಳಿಸಿದಳು.

ಹಳೇ ಸ್ಟೆತ್ | ಬೆಳಿಗ್ಗೆ 10.20

ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ. ಕಚ್ಚಿದ ಗಾಯ ಕೀವಾಗದಿರಲಿ ಅಂತ 625. ಹುಚ್ಚುನಾಯಿ ರೋಗ ವೈರಸ್ಸಿನದು, ಅದಕ್ಕೂ ಈ ಮಾತ್ರೆಗೂ ಸಂಬಂಧವೇ ಇಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು, ಲಸಿಕೆಯ ಎಲ್ಲ ಡೋಸ್ ಮುಗಿಸುವುದು, ಇವೇ ಜೀವ ಉಳಿಸುವವು.

ಆಲ್ದೂರು ಮಗಳು | ಮಂಗಳವಾರ, ಮಧ್ಯಾಹ್ನ 12.40

ರಿಪೋರ್ಟ್ ಬಂತು. ಐಎನ್‌ಆರ್ 5.1. ಹೋದ ತಿಂಗಳು 2.8 ಇತ್ತು. ಅಪ್ಪನಿಗೆ ಇರಬೇಕಾದದ್ದು 2.5ರಿಂದ 3.5.

ಡಾಕ್ಟರ್ ನೋಡಿದರು. ರಕ್ತಸ್ರಾವ ನಿಂತಿರುವುದರಿಂದ ಅಡ್ಮಿಟ್ ಬೇಡ ಅಂದರು. ಇವತ್ತೂ ಅಸಿಟ್ರಾಮ್ ಇಲ್ಲ, ನಾಳೆ ಮತ್ತೆ ಪರೀಕ್ಷೆ, ಆಮೇಲೆ ಎಷ್ಟು ಎಂಜಿಯಿಂದ ಶುರು ಮಾಡಬೇಕು ಅಂತ ಅವರೇ ಹೇಳ್ತಾರೆ. ಹಲ್ಲಿನ ಡಾಕ್ಟರ್ ಜೊತೆಯೂ ಮಾತಾಡಿದರು. ಹಲ್ಲಿನ ಡಾಕ್ಟರ್ ಪಾಪ ನೊಂದುಕೊಂಡರು, "ನಾನು ಕೇಳಿದ್ದೆನಲ್ಲ" ಅಂದರು. ಕೇಳಿದ್ದರು.

ಗುಳಿಗೆ ಗೂಡು ಅವರೇ, ನೀವು ಆ ಪ್ರಶ್ನೆ ಕೇಳದಿದ್ದರೆ ನಾನು ಮಜ್ಜಿಗೆ ಕೊಟ್ಟು ಮಲಗಿಸಿಬಿಡುತ್ತಿದ್ದೆ.

ಗುಳಿಗೆ ಗೂಡು | ಮಧ್ಯಾಹ್ನ 1.10

ಅಪ್ಪ ಹುಷಾರಾಗ್ಲಿ ತಾಯಿ, ಅಷ್ಟು ಸಾಕು.

ಕೊಪ್ಪದ ಕಡೆಯವ | ಮಧ್ಯಾಹ್ನ 1.30

ಜಾತಕದ ಮಾತು ವಾಪಸ್ ತಗೊಂಡೆ ಮಾರಾಯ್ರೆ.

ನನ್ನದೂ ಒಂದು. ಚಿಕ್ಕವನಿದ್ದಾಗ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು ಮೈಯೆಲ್ಲ ದದ್ದು ಬಂದಿತ್ತಂತೆ, ಅಮ್ಮ ಹೇಳ್ತಾರೆ. ಅಂದ್ರೆ ಇದೂ ನನಗೆ ಆಗ್ಲಿಕ್ಕಿಲ್ಲ, ಹೌದಾ?

ಹಳೇ ಸ್ಟೆತ್ | ಮಧ್ಯಾಹ್ನ 3.00

ಹೌದು, ಅಮಾಕ್ಸಿಸಿಲಿನ್ ಪೆನಿಸಿಲಿನ್ನಿನ ತಮ್ಮನೇ. ಎಲ್ಲೇ ಹೋದರೂ ಮೊದಲ ಮಾತು ಅದೇ ಆಗಲಿ. ಹಾಗೆಂದು ಅಲರ್ಜಿ ಇದೆ ಎಂದುಕೊಂಡಿರುವ ಎಲ್ಲರಿಗೂ ಅದು ನಿಜವಾಗಿ ಇರುವುದಿಲ್ಲ. ಪರೀಕ್ಷೆ ಮಾಡಿದರೆ ಬಹುಪಾಲು ಜನರಿಗೆ ಇಲ್ಲವೆಂದೇ ಗೊತ್ತಾಗುತ್ತದೆ. ಆದರೆ ಆ ಪರೀಕ್ಷೆ ಆಸ್ಪತ್ರೆಯಲ್ಲಿ, ತಜ್ಞರ ಎದುರು ಆಗಬೇಕು. ಮನೆಯಲ್ಲಿ ಅರ್ಧ ಮಾತ್ರೆ ನುಂಗಿ ನೋಡುವ ಸಾಹಸ ಬೇಡ. ಮಾತ್ರೆ ನುಂಗಿದ ಮೇಲೆ ತುಟಿ, ಮುಖ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಒಂದು ನಿಮಿಷವೂ ತಡಮಾಡದೆ 108ಕ್ಕೆ ಫೋನ್.

ರೈಟರ್ ಮೂಡಿಗೆರೆ | ಸಂಜೆ 6.45

ಡ್ರಾಯರ್ ನೋಡ್ದೆ. ಆರು ಮಾತ್ರೆ ಇದೆ, ಅವಧಿ ಮುಗಿದು ಏಳು ತಿಂಗಳಾಗಿದೆ.

ಹೇಳೋದೋ ಬೇಡವೋ ಅಂತ ನಿನ್ನೆಯಿಂದ ಯೋಚನೆ. ಹೋದ ವರ್ಷ ಆಗಸ್ಟಲ್ಲಿ ಎಸ್ಟೇಟ್ ಕೆಲಸದವರ ಲೈನ್ ಮನೆಯ ಹುಡುಗನೊಬ್ಬನಿಗೆ ಜೋರು ಜ್ವರ. ಅಸ್ಸಾಮಿನ ಕಡೆಯವನು, ಭಾಷೆ ಬರಲ್ಲ. ನಾನೇ ಡ್ರಾಯರಿಂದ ಮೂರು ದಿನಕ್ಕಾಗೋಷ್ಟು 625 ಕೊಟ್ಟೆ. ಜ್ವರ ಇಳೀಲಿಲ್ಲ. ಇನ್ನೆರಡು ದಿನ ನೋಡೋಣ ಅಂದೆ. ಆರನೇ ದಿನ ಎದ್ದು ಕೂರೋಕೇ ಆಗ್ದೆ ಜೀಪಲ್ಲಿ ಹಾಕ್ಕೊಂಡು ಹೋದ್ವಿ. ಡಾಕ್ಟರ್ ಬಟ್ಟೆ ಬಿಚ್ಚಿಸಿ ಹುಡುಕಿ, ಸೊಂಟದ ಪಟ್ಟಿ ಕೆಳಗೆ ಸಿಗರೇಟಲ್ಲಿ ಸುಟ್ಟಂಗೆ ಕಪ್ಪು ಚಕ್ಕೆ ತೋರ್ಸಿದ್ರು. ಸ್ಕ್ರಬ್ ಟೈಫಸ್ ಅಂದ್ರು. ಬೇರೆ ಮಾತ್ರೆ ಕೊಟ್ಟ ಎರಡೇ ದಿನಕ್ಕೆ ಜ್ವರ ಬಿಡ್ತು. "ಮೊದಲು ಏನು ಕೊಟ್ಟಿದ್ರಿ" ಅಂತ ಕೇಳಿದಾಗ ನಾನು "ಏನಿಲ್ಲ" ಅಂದೆ. ನಾನೂ ಅದೇ ಮಾತು ಹೇಳಿದ್ದು.

ಹಳೇ ಸ್ಟೆತ್ | ಸಂಜೆ 7.20

ರೈಟರೇ, ಹೇಳಿದ್ದು ಒಳ್ಳೆಯದಾಯಿತು.

ಸ್ಕ್ರಬ್ ಟೈಫಸ್ ಹುಲ್ಲು ಪೊದೆಯಲ್ಲಿರುವ ಸಣ್ಣ ನುಸಿಯ ಮರಿ ಕಚ್ಚುವುದರಿಂದ ಬರುತ್ತದೆ. ಅದೂ ಬ್ಯಾಕ್ಟೀರಿಯಾ, ಆದರೆ ನಮ್ಮ ಜೀವಕೋಶದ ಒಳಗೆ ಅಡಗಿ ಬದುಕುತ್ತದೆ. ಪೆನಿಸಿಲಿನ್ ಜಾತಿಯ ಯಾವ ಔಷಧಿಯೂ ಅದಕ್ಕೆ ತಗಲುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಬೇಕು. ತೋಟದಲ್ಲಿ ಕಳೆ ಹೊಡೆಯುವವರಿಗೆ ಜ್ವರ ಬಂದರೆ ಕಂಕುಳು, ತೊಡೆಸಂದು, ಸೊಂಟ, ಮೊಣಕಾಲ ಹಿಂದೆ ಹುಡುಕಬೇಕು. ಆ ಚಕ್ಕೆ ನೋಯುವುದಿಲ್ಲ, ಹಾಗಾಗಿ ರೋಗಿ ತಾನಾಗಿ ಹೇಳುವುದಿಲ್ಲ. ಎಲ್ಲರಲ್ಲೂ ಚಕ್ಕೆ ಇರುವುದೂ ಇಲ್ಲ.

ನಮ್ಮ ಮಳೆಗಾಲದ ಜ್ವರ ಒಂದೇ ಜಾತಿಯದಲ್ಲ. ಡೆಂಗಿ ವೈರಸ್ಸಿನದು, ಯಾವ ಆಂಟಿಬಯೋಟಿಕ್ಕೂ ನಾಟುವುದಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಾಡಂಚಿನಲ್ಲಿ ಕಾಣುವ ಮಂಗನ ಕಾಯಿಲೆಯೂ ಹಾಗೆಯೇ. ಇಲಿಜ್ವರ ಬ್ಯಾಕ್ಟೀರಿಯಾದ್ದು, ಅದರ ಚಿಕಿತ್ಸೆ ಡಾಕ್ಟರ ಕೈಯಲ್ಲೇ ಆಗಬೇಕು. ನೆಗಡಿ, ಸಾಮಾನ್ಯ ಗಂಟಲು ನೋವು ಬಹುತೇಕ ವೈರಸ್ಸಿನವೇ. ಡ್ರಾಯರಿನ ಮಾತ್ರೆ ಜ್ವರ ಇಳಿಸುವುದಿಲ್ಲ, ದಿನ ಕಳೆಯುತ್ತದೆ. ಆ ಹುಡುಗನ ವಿಷಯದಲ್ಲಿ ಐದು ದಿನ ಕಳೆಯಿತು.

ಅರಕಲಗೂಡು ಆಲೂಗಡ್ಡೆ | ರಾತ್ರಿ 8.00

ಉಳಿದ ಮಾತ್ರೆನ ಕರುವಿಗೆ ಪುಡಿ ಮಾಡಿ ಹಾಕೋ ಅಭ್ಯಾಸ ನಮ್ಮೂರಲ್ಲಿದೆ. ಅದೂ ತಪ್ಪಾ?

ಗುಳಿಗೆ ಗೂಡು | ರಾತ್ರಿ 8.12

ತಪ್ಪೇ ಕಣಣ್ಣ. ಮೆಲುಕು ಹಾಕೋ ದನದ ಹೊಟ್ಟೆ ನಡೆಯೋದೇ ಅಲ್ಲಿರೋ ಸೂಕ್ಷ್ಮಜೀವಿಗಳಿಂದ. ಬಾಯಿಂದ ಇದನ್ನ ಹಾಕಿದ್ರೆ ಅವೇ ಸಾಯ್ತವೆ, ಮೇವು ಜೀರ್ಣ ಆಗಲ್ಲ. ಪಶುವೈದ್ಯರನ್ನ ಕೇಳಿ. ಕೆಚ್ಚಲು ಬಾವಿಗೆ ಅವರು ಟ್ಯೂಬ್ ಹಾಕಿದ ಮೇಲೆ ಇಷ್ಟು ದಿನ ಹಾಲು ಡೇರಿಗೆ ಹಾಕಬೇಡಿ ಅಂತಾರಲ್ಲ, ಅದನ್ನೂ ಪಾಲಿಸಿ. ಆ ಹಾಲಲ್ಲಿ ಔಷಧಿ ಉಳಿದಿರುತ್ತೆ, ಕೊಪ್ಪದ ಅಣ್ಣನಂಥ ಅಲರ್ಜಿಯವರು ಕುಡಿದ್ರೆ ಕಷ್ಟ.

ಸಕಲೇಶಪುರ ಸಿಗ್ನಲ್ | ರಾತ್ರಿ 8.30

ಇದರ ಜೊತೆ ಒಂದು ಪೆಗ್? ನನಗಲ್ಲ, ಸ್ನೇಹಿತನಿಗೆ.

ಗುಳಿಗೆ ಗೂಡು | ರಾತ್ರಿ 8.34

ನಿಮ್ಮ ಸ್ನೇಹಿತನಿಗೆ ಮೆಟ್ರೊನಿಡಜೋಲ್ ಕೂಡ ಕೊಟ್ಟಿದ್ರೆ ಮುಟ್ಟಲೇಬಾರದು, ಮುಗಿದ ಮೇಲೂ ಎರಡು ಮೂರು ದಿನ ಬೇಡ. ವಾಂತಿ, ಎದೆ ಢವಢವ, ಮುಖ ಕೆಂಪು, ಎಲ್ಲಾ ಆಗಬಹುದು. ಬರೀ 625 ಆದ್ರೆ ಅಷ್ಟು ಜಗಳ ಇಲ್ಲ, ಆದ್ರೂ ಲಿವರಿಗೆ ಒಂದೇ ಸಲ ಎರಡು ಕೆಲಸ ಯಾಕೆ?

ಬೇಲೂರು ಮಿಸ್ | ರಾತ್ರಿ 9.00

ಒಂದು ಹೊತ್ತು ಮರೆತರೆ? ಮತ್ತೆ "ಕೋರ್ಸ್ ಮುಗಿಸಲೇಬೇಕು" ಅಂತಾರಲ್ಲ, ಅದು ಹೌದಾ? ಈಗ ಐದೇ ದಿನ ಕೊಡ್ತಾರೆ, ನಾವು ಚಿಕ್ಕವರಿದ್ದಾಗ ಹತ್ತು ದಿನ.

ಹಳೇ ಸ್ಟೆತ್ | ರಾತ್ರಿ 9.25

ನೆನಪಾದ ಕೂಡಲೇ ಕೊಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಸೇರಿಸಿ ಕೊಡಬೇಡಿ.

ಹತ್ತು ದಿನ ಬೇಕೆಂದುಕೊಂಡಿದ್ದ ಹಲವು ಸೋಂಕುಗಳಿಗೆ ಐದು ದಿನವೇ ಸಾಕೆಂದು ಈಗ ತಿಳಿದಿದೆ. ಹೆಚ್ಚು ದಿನ ನುಂಗಿದಷ್ಟೂ ಔಷಧಿಗೆ ಬಗ್ಗದ ರೋಗಾಣು ಬೆಳೆಯಲು ಜಾಗ ಸಿಗುತ್ತದೆ. ಆದ್ದರಿಂದ ಬರೆದಷ್ಟು ದಿನ, ಅದಕ್ಕಿಂತ ಹೆಚ್ಚೂ ಬೇಡ ಕಡಿಮೆಯೂ ಬೇಡ. ಮುಂಚೆ ನಿಲ್ಲಿಸಬೇಕೆನಿಸಿದರೆ ಬರೆದವರನ್ನು ಕೇಳಿ.

ಆಲ್ದೂರಿನವರಿಗೆ ಒಂದು ಮಾತು. ಅಪರೂಪಕ್ಕೆ ಈ ಔಷಧಿಯಿಂದ ಕಾಮಾಲೆ ಬರುವುದುಂಟು. ವಯಸ್ಸಾದ ಗಂಡಸರಲ್ಲಿ ತುಸು ಹೆಚ್ಚು. ಮಾತ್ರೆ ಮುಗಿಸಿ ವಾರಗಳಾದ ಮೇಲೂ ಕಾಣಿಸಿಕೊಳ್ಳಬಹುದು, ಆಗ ಯಾರಿಗೂ ಮಾತ್ರೆಯ ನೆನಪೇ ಇರುವುದಿಲ್ಲ. ಇನ್ನು ಆರು ವಾರ ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈ ತುರಿಕೆ ಕಂಡರೆ ಈ ಮಾತ್ರೆ ತೆಗೆದುಕೊಂಡಿದ್ದನ್ನು ಹೇಳಿ. ಒಮ್ಮೆ ಇದರಿಂದ ಕಾಮಾಲೆ ಬಂದವರಿಗೆ ಮತ್ತೆ ಇದನ್ನು ಕೊಡುವಂತಿಲ್ಲ.

ರೈಟರ್ ಮೂಡಿಗೆರೆ | ಬುಧವಾರ, ಬೆಳಿಗ್ಗೆ 8.10

ಆ ಆರು ಮಾತ್ರೆ ಏನ್ ಮಾಡ್ಲಿ? ಗೊಬ್ಬರದ ಗುಂಡಿಗೆ ಹಾಕ್ಲಾ?

ಗುಳಿಗೆ ಗೂಡು | ಬೆಳಿಗ್ಗೆ 9.40

ಗುಂಡಿಗೂ ಬೇಡ, ಹಳ್ಳಕ್ಕೂ ಬೇಡ. ಮೂಡಿಗೆರೆ ಕಡೆ ಬಂದಾಗ ನೀವು ಮಾಮೂಲಿ ಹೋಗೋ ಔಷಧಿ ಅಂಗಡಿ ಅಥವಾ ಆಸ್ಪತ್ರೆಲಿ ಕೇಳಿ, ಅವಧಿ ಮುಗಿದಿದ್ದನ್ನ ಅವರ ಕಸದ ಜೊತೆ ತಗೋತಾರಾ ಅಂತ. ಡ್ರಾಯರಲ್ಲಿ ಇಡೋದಾದ್ರೆ ಓಆರ್‌ಎಸ್, ಪ್ಯಾರಾಸಿಟಮಾಲ್, ಒಂದು ಥರ್ಮಾಮೀಟರ್ ಇಡಿ. ಅಂದಹಾಗೆ ಆ ಸ್ಟ್ರಿಪ್ ಮೇಲೆ ಒಂದು ಕೆಂಪು ಗೆರೆ ಇದ್ಯಾ ನೋಡಿ. ಅದರರ್ಥ ಚೀಟಿ ಇಲ್ಲದೆ ಮಾರೋ ಹಾಗಿಲ್ಲ ಅಂತ. ಮಾರಿದವರದ್ದೂ ತಪ್ಪಿದೆ, ನಮ್ಮವರೇ ಯಾರೋ.

ಆಲ್ದೂರು ಮಗಳು | ಮುಂದಿನ ಶನಿವಾರ, ಸಂಜೆ 5.30

ಎಲ್ಲರೂ ಕೇಳ್ತಿದ್ದೀರಿ, ತಡವಾಯಿತು. ಬುಧವಾರ ಐಎನ್‌ಆರ್ 3.6ಕ್ಕೆ ಇಳಿಯಿತು. ಅವತ್ತೇ ಡಾಕ್ಟರ್ ಅಸಿಟ್ರಾಮ್ ಮತ್ತೆ ಶುರು ಮಾಡಿಸಿದರು, ಅವರು ಹೇಳಿದ ಹೊಸ ಲೆಕ್ಕದಲ್ಲಿ. 625 ಐದು ದಿನಕ್ಕೆ ಮುಗಿಯಿತು. ಊಟದ ಮೊದಲ ತುತ್ತಿನ ಜೊತೆ ಕೊಟ್ಟ ಮೇಲೆ ಭೇದಿ ಎರಡು ದಿನದಲ್ಲಿ ನಿಂತಿತು. ಕೆನ್ನೆ ಊತ ಇಲ್ಲ. ನಿನ್ನೆ ಐಎನ್‌ಆರ್ 2.9. ಊಟ ಸೇರುತ್ತಿದೆ, ನಿನ್ನೆಯೇ ಪತ್ರೊಡೆ ಕೇಳಿದರು. ಕೆಸುವಿನ ಎಲೆ ಒಂದೇ ಸಲ ಜಾಸ್ತಿ ಬೇಡ, ಸೊಪ್ಪು ಯಾವುದೇ ಆದರೂ ದಿನಾ ಒಂದೇ ಪ್ರಮಾಣದಲ್ಲಿರಲಿ ಅಂದಿದ್ದಾರೆ ಡಾಕ್ಟರ್. ಎರಡು ಕೊಟ್ಟೆ, ಮೂರನೆಯದಕ್ಕೆ ಜಗಳ ನಡೆಯುತ್ತಿದೆ.

ಅಪ್ಪ ನಲವತ್ತು ವರ್ಷದಿಂದ ತೋಟದ ಮಳೆ ಲೆಕ್ಕ ಬರೆದಿಡುತ್ತಾರೆ. ಬೆಳಿಗ್ಗೆ ಎದ್ದು ಅಳೆದು ಪುಸ್ತಕಕ್ಕೆ ಏರಿಸದೆ ಕಾಫಿ ಕುಡಿಯುವುದಿಲ್ಲ. ಆ ಪುಸ್ತಕದ ಮೊದಲ ಪುಟದಲ್ಲಿ ಅವರ ಎಲ್ಲ ಮಾತ್ರೆಗಳ ಹೆಸರು ಬರೆಸಿ ಫೋಟೋ ತೆಗೆದು ನನ್ನ ಫೋನಿನಲ್ಲೂ, ಅವರ ಫೋನಿನಲ್ಲೂ ಇಟ್ಟಿದ್ದೇನೆ. ನಿನ್ನೆಯ ಸಾಲು ನೋಡಿದೆ: "ಮಳೆ 2 ಇಂಚು 15 ಸೆಂಟ್ಸ್. ಐಎನ್‌ಆರ್ 2.9. ಮಗಳು ಪತ್ರೊಡೆ ಎರಡೇ ಕೊಟ್ಟಳು."